ನಾಲ್ಕನೇ ಪುಟದ ಗೆರೆಗಳು

ಜೂನ್ 3, ಸೋಮವಾರ

ಮೊದಲ ಪೀರಿಯಡ್, ರಾಜ್ಯಶಾಸ್ತ್ರ. ಕಡೇ ಬೆಂಚಿನಲ್ಲಿ ಎಂದಿನಂತೆ ತೂಕಡಿಕೆ. ತಪ್ಪು ಅವರದಲ್ಲ, ಪುಸ್ತಕದ್ದು. ಇಪ್ಪತ್ತು ವರ್ಷದಿಂದ ಅದೇ ಪಠ್ಯ... ಬರೆದವರು ನಮ್ಮ ಮಾವ. ಹೊಸದು ಆರಿಸುವ ಕೆಲಸವನ್ನು ಪ್ರಿನ್ಸಿಪಾಲರು ನನ್ನ ತಲೆಗೇ ಕಟ್ಟಿದ್ದಾರೆ. ಮುಂದಿನ ಸೋಮವಾರ ಹೆಸರು ಕೊಡಬೇಕು. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.

ಜೂನ್ 5, ಬುಧವಾರ

ಮಾವನದೂ ಸೇರಿ ಮೂರು ಪುಸ್ತಕಕ್ಕೆ ಕಂದು ಕಾಗದದ ಬೈಂಡ್ ಹಾಕಿದೆ. ಬರೆದವರ ಹೆಸರು ಕಾಣಬಾರದು. "'ಸರ್ಕಾರ ಎಂದರೇನು', ಅದೊಂದೇ ಅಧ್ಯಾಯ ಓದಿ. ಎಲ್ಲಿ ಬೇಜಾರು ಬರುತ್ತೋ ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದವರಿಗೆ ದಾಟಿಸಿ" ಎಂದೆ. "ಬೇಜಾರಾಗೋದಕ್ಕೂ ಮಾರ್ಕ್ಸ್ ಇದೆಯಾ ಮಿಸ್?" ಅಂತ ಒಬ್ಬಳು.

ಅದೇ ದಿನ, ಸಂಜೆ

ಒಂದು ಪುಸ್ತಕದಲ್ಲಿ ಗೆರೆಗಳೆಲ್ಲ ಅಧ್ಯಾಯದ ಕೊನೆಯ ಪುಟದ ಹತ್ತಿರ. ಮಾವನದರಲ್ಲಿ ನಾಲ್ಕನೇ ಪುಟ ದಾಟಿದವರೇ ಇಲ್ಲ. ಉತ್ತರ ಸಿಕ್ಕಿತು. ಸಂಕಟವೂ ಶುರುವಾಯಿತು.

ಜೂನ್ 6, ಗುರುವಾರ

ಚೀಲ ಹಾಲ್‌ನಲ್ಲೇ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಮಾವನ ಕೈಯಲ್ಲಿ ಅವರದೇ ಪುಸ್ತಕ. ಮುಖ ಅರಳಿತ್ತು.

"ನೋಡಮ್ಮ, ನಾಲ್ಕನೇ ಪುಟದ ತುಂಬ ಗೆರೆ. ಮುಖ್ಯ ಅಂತ ಮಕ್ಕಳೇ ಗುರುತು ಹಾಕ್ಕೊಂಡಿದಾರೆ. ನಾನೂ ಆ ಪುಟಕ್ಕೆ ತುಂಬ ತಲೆ ಕೆಡಿಸ್ಕೊಂಡಿದ್ದೆ."

ಹೂಂ ಮಾವ, ಎಂದೆ. ಊಟಕ್ಕೆ ಎರಡು ತುತ್ತು ಹೆಚ್ಚೇ ಉಂಡರು.

ಜೂನ್ 9, ಭಾನುವಾರ

ಬರೆಯುವ ಮನಸ್ಸೇ ಇರಲಿಲ್ಲ. ಮಾವ ವಾಕಿಂಗ್ ಗೆಳೆಯರಿಗೆಲ್ಲ ಗೆರೆಗಳ ಸುದ್ದಿ ಹೇಳಿಕೊಂಡು ಬಂದಿದ್ದಾರೆ. ನಾಳೆ ಬೇರೆಯವರ ಬಾಯಿಂದ ನಿಜ ಕೇಳುವ ಹಾಗಾಗಬಾರದು. ಗಂಡನನ್ನು ಕೇಳಿದರೆ "ನೀನೇ ಹೇಳು, ನನ್ನ ಕೈಲಾಗಲ್ಲ" ಅಂತ ಪೇಪರ್ ಹಿಂದೆ ಅಡಗಿದರು. ರಾತ್ರಿ ಊಟದ ಹೊತ್ತಿಗೆ ನಾನೇ ಹೇಳಿದೆ.

"ಗೆರೆ... ಬೇಜಾರಿಗಾ?"

"ಹೌದು ಮಾವ."

"ಎಲ್ಲರದೂ?"

"ಎಲ್ಲರದೂ. ನಾಳೆ ಬೇರೆ ಪುಸ್ತಕದ ಹೆಸರು ಕೊಡ್ತೀನಿ."

ಕನ್ನಡಕ ಒರೆಸಿದರು. "ಅದು ಹೇಗೆ ಶುರುವಾಗುತ್ತೆ?"

"ನಲ್ಲಿ ನೀರಿನ ಜಗಳದಿಂದ."

"ನನ್ನದು ವ್ಯಾಖ್ಯೆಯಿಂದ," ಎಂದರು. ತಮ್ಮ ತಟ್ಟೆ ತಾವೇ ತೊಳೆದಿಟ್ಟು ಕೋಣೆಗೆ ಹೋದರು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

ಜೂನ್ 22, ಶನಿವಾರ

ಹೊಸ ಪುಸ್ತಕ ಬಂತು. ಕಡೇ ಬೆಂಚು ಎಚ್ಚರವಾಗಿದೆ, ಅಷ್ಟೇ ಅಲ್ಲ, ಜಗಳವನ್ನೂ ಆಡುತ್ತಿದೆ. ಮನೆಯಲ್ಲಿ ಮಾತ್ರ ಮಾವ ಇಷ್ಟು ದಿನ ಊಟ, ವಾಕಿಂಗ್ ಬಿಟ್ಟರೆ ಕೋಣೆಯಿಂದ ಹೊರಬರುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹಾಲು ಒಲೆಗಿಡುತ್ತಿದ್ದಾಗ ಬಂದರು. ಕೈಯಲ್ಲಿ ಬರೆದ ಹಾಳೆಗಳು, ಮೇಲೊಂದು ಪೆನ್ಸಿಲ್.

"ಅದೇ ಅಧ್ಯಾಯ. ಎಲ್ಲಿ ಬೇಜಾರಾಗುತ್ತೋ ಅಲ್ಲಿ ಎಳೆದುಬಿಡು. ಮಾವ ಅಂತ ದಾಕ್ಷಿಣ್ಯ ಬೇಡ."

ಚುನಾವಣೆಯಲ್ಲಿ ಸೋತ ಅಧ್ಯಕ್ಷನೊಬ್ಬ ಕುರ್ಚಿ ಬಿಡದೆ ಕೂತಿದ್ದಾನೆ. ಕಚೇರಿಗೆ ಬೀಗ ಹಾಕಬೇಕಾದ ಜವಾನ ಬಾಗಿಲಲ್ಲಿ ನಿಂತಿದ್ದಾನೆ. ಹೀಗೆ ಶುರು. ನಮ್ಮ ಮಾವನೇ ಬರೆದದ್ದಾ ಇದು! ಊಟದ ಟೇಬಲ್ಲಿಗೇ ತಂದು ಓದುತ್ತಾ ಕೂತಿದ್ದೇನೆ. ಅವರು ಹಾಲ್‌ನಲ್ಲಿ ಪೇಪರ್ ತಲೆಕೆಳಗಾಗಿ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ.

ನಾಲ್ಕನೇ ಪುಟ ದಾಟಿತು. ಪೆನ್ಸಿಲ್ ಮುಟ್ಟಿಲ್ಲ. ಇಷ್ಟು ಬರೆದು ಮತ್ತೆ ಆ ಹಾಳೆಗಳಿಗೇ... ಜವಾನ ಈಗ ಜೇಬಿನಿಂದ ಬೀಗ ತೆಗೆದು— ಏನೋ ಸೀದ ವಾಸನೆ. ಅಯ್ಯೋ, ಹಾಲು—