ಕತ್ತಲಾಗುವ ಮುಂಚಿನ ಬಸ್ಸು

೧೭ ಆಗಸ್ಟ್, ಭಾನುವಾರ

ದೇವರಾಜನ ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಊಟಕ್ಕೆ ಮುಂಚೆ ನಾಲ್ಕು ಮಾತಾಡಬೇಕೆಂದು ಮೈಕ್ ಕೈಗಿತ್ತರು. ಬಂದವರಿಗೆಲ್ಲ ವಂದನೆ ಹೇಳಿದೆ — ಅವನ ಗೊಬ್ಬರದಂಗಡಿಗೆ ಬರುತ್ತಿದ್ದ ಅರಕಲಗೂಡಿನ ರೈತರಿಗೆ, ಕಟ್ಟಾಯದ ದಾಯಾದಿಗಳಿಗೆ, ಶಾಮಿಯಾನ ಹಾಕಿದವರಿಗೂ. ಆಮೇಲೆ ಹೇಳಿದೆ: “ನನ್ನ ಬಗ್ಗೆ ಅನುಕಂಪ ಬೇಡ. ಎಂಬತ್ತಾರರ ತಂದೆ ಅರವತ್ತೆರಡರ ಮಗನನ್ನು ಕಳೆದುಕೊಂಡನೆಂದು ಮರುಗಬೇಡಿ. ಅವನಿಗೆ ಹೆಂಡತಿಯಿದ್ದಾಳೆ, ಮಗಳಿದ್ದಾಳೆ, ಮೊಮ್ಮಗಳಿದ್ದಾಳೆ. ಮರುಕ ಅವರಿಗೆ ಸಲ್ಲಲಿ.”

ಚಪ್ಪಾಳೆ ಬೀಳಲಿಲ್ಲ, ಅಷ್ಟೆ. ಉಳಿದಂತೆ ನಾನು ಗೆಲ್ಲುತ್ತಿದ್ದ ಕಾಲೇಜಿನ ಚರ್ಚಾಸ್ಪರ್ಧೆಯೇ. ಒಂದು ವಾಕ್ಯವೂ ತಡವರಿಸಲಿಲ್ಲ. ಅದಕ್ಕೇ ನಾಚಿಕೆಯಾಯಿತು.

ಅರಕಲಗೂಡಿನ ಸಿದ್ದೇಶ ಎಂಬ ಶುಂಠಿ ಬೆಳೆಗಾರ ಕೈ ಹಿಡಿದುಕೊಂಡ. “ದೇವಣ್ಣ ಗೊಬ್ರದಂಗ್ಡೀಲಿ ಕುಂತಿದ್ರೆ ನಗ್ದೆ ಎದ್ದೋದೋರಿಲ್ಲ ಸಾ. ಸುಂಟಿ ಕೊಳ್ತೋಯ್ತು ಅಂತ ಅಳ್ತಾ ಓದ್ರೆ, ಔಸ್ದಿ ಆಮೇಲೆ — ಮೊದ್ಲು ಟೀ ಕುಡಿ, ಸುಂಟಿ ಟೀನೇ ಕುಡಿ, ಸೇಡು ತೀರಿಸ್ಕೊ ಅನ್ನೋರು!” ಹೇಳಿ ತಾನೇ ನಕ್ಕ, ತಾನೇ ಅತ್ತ.

ಜನರನ್ನು ನಗಿಸುತ್ತಿದ್ದನಂತೆ ನನ್ನ ಮಗ. ಮನೆಯಲ್ಲಿ ನಾನು ಕೇಳಿದ್ದು “ಹೂಂ ಅಪ್ಪಾಜಿ” ಒಂದನ್ನೇ.

೧೯ ಆಗಸ್ಟ್

ತಮ್ಮ ರಂಗಸ್ವಾಮಿ ಹೊಳೆನರಸೀಪುರಕ್ಕೆ ಹೊರಟ. ಹೊರಡುವಾಗ ಮತ್ತೆ ಅದೇ ಸಮಾಧಾನ. “ಪುಣ್ಯಾತ್ಮ ಕಣಣ್ಣಯ್ಯ. ನರಳ್ದೆ ಓದ.”

ನರಳಿದನೋ ಇಲ್ಲವೋ, ಕಂಡವರು ಯಾರು? ಚನ್ನರಾಯಪಟ್ಟಣದಲ್ಲಿ ಮಗಳು ರೂಪಶ್ರೀಯನ್ನು ನೋಡಿಕೊಂಡು ಸಂಜೆಯ ಬಸ್ಸಿಗೆ ಹಾಸನಕ್ಕೆ ವಾಪಸಾಗುತ್ತಿದ್ದ. ಕಿಟಕಿಯ ಪಕ್ಕದ ಸೀಟು. ನಿದ್ದೆ ಮಾಡುತ್ತಿದ್ದಾನೆಂದುಕೊಂಡ ಕಂಡಕ್ಟರ್. ಹಾಸನದ ಸ್ಟ್ಯಾಂಡಿನಲ್ಲಿ ಎಬ್ಬಿಸಲು ನೋಡಿದ...

ಬರಿಗಾಲಿನಲ್ಲಿದ್ದ. “ಎಣದ ಕಾಲಿಂದ್ಲೂ ಚಪ್ಲಿ ಕದ್ದವ್ರಲ್ಲ, ಎಂತಾ ನನ್ಮಕ್ಳಿರ್ಬೇಕು!” ರಂಗಸ್ವಾಮಿಯ ಸಿಟ್ಟು ಇನ್ನೂ ಇಳಿದಿಲ್ಲ.

ಎಷ್ಟು ಸಲ ಹೋದರೂ ಕತ್ತಲಾಗುವ ಮುಂಚೆ ಅಲ್ಲಿಂದ ಹೊರಡಬೇಕು. ಹೆಣ್ಣು ಕೊಟ್ಟ ಮನೆಯಲ್ಲಿ ತಂದೆ ರಾತ್ರಿ ತಂಗಬಾರದು. ಹಿಂದಿನವರ ಕಟ್ಟಳೆ, ಎಲ್ಲರೂ ಬಿಟ್ಟದ್ದನ್ನು ಈ ಮನೆಯಲ್ಲಿ ಉಳಿಸಿದವನು ನಾನು. ರೂಪಶ್ರೀಯ ಮದುವೆಯಾದ ವಾರ ದೇವರಾಜ ಶುರುಮಾಡಿದ್ದ — “ಈಗೆಲ್ಲ ಯಾರು ಅಪ್ಪಾಜಿ ಅದನ್ನ...” ವಾಕ್ಯ ಮುಗಿಸಗೊಡಲಿಲ್ಲ. ಬೀಗರ ಎದುರು ಸಲಿಗೆ, ಸಲಿಗೆಯಿಂದ ಸದರ, ಸದರದಿಂದ ಮಗಳಿಗೇ ಕಷ್ಟ. ಒಂದರ ಮೇಲೊಂದು ಜೋಡಿಸಿದೆ. ಹೂಂ ಎಂದ.

ಗೆದ್ದೆ.

೧೧ ಸೆಪ್ಟೆಂಬರ್, ಗುರುವಾರ

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಪಿತೃಪಕ್ಷ ಶುರುವಾಗಿದೆ. ಅಮಾವಾಸ್ಯೆಗೆ ಎಡೆ. ಹೊಳೆನರಸೀಪುರದಲ್ಲಿ, ಎಂದಿನಂತೆ ತನ್ನ ಮನೆಯಲ್ಲಿ ಎಂದು ರಂಗಸ್ವಾಮಿ ಫೋನಿಸಿದ. ದೇವರಾಜನಿಗೆ ಗಂಡುಮಕ್ಕಳಿಲ್ಲ, ಕೊಳ್ಳಿಯಿಟ್ಟವನು ರಂಗಸ್ವಾಮಿಯ ಮಗ ರಜನೀಶ್. ಎಡೆಯನ್ನೂ ಅವನೇ ಇಡುತ್ತಾನೆ. ಹೊಸ ಬಟ್ಟೆ, ಎಲೆಯ ತುಂಬ ಸತ್ತವರಿಗೆ ಇಷ್ಟವಾದದ್ದು. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ನಿಲ್ಲಬೇಕು, ಅವರು ಬಂದು ಉಣ್ಣಲೆಂದು.

ಸೊಸೆ ಪ್ರೇಮಕುಮಾರಿಗೆ ಹೇಳಿದೆ: “ಚಕ್ಕುಲಿ ಮರೆಯಬೇಡಮ್ಮ. ಅವನಿಗಿಷ್ಟ.”

“ಇಲ್ಲ ಮಾವ. ಚಕ್ಕುಲಿ ನಿಮಗಿಷ್ಟ.”

“ಅವನಿಗೆ?”

“ಕೈಮ ಉಂಡೆ. ಅದೂ ರೂಪ ಮಾಡಿದ್ದು. ರಾತ್ರಿಗೆ ಮಾಡ್ತೀನಿ, ಉಂಡ್ಕೊಂಡು ಬೆಳಿಗ್ಗೆ ಹೋಗಿ ಅನ್ನೋಳು. ಮಧ್ಯಾಹ್ನವೇ ಮಾಡಿಸಿ, ಡಬ್ಬಿಗೆ ಹಾಕಿಸ್ಕೊಂಡು ಬಸ್ ಹತ್ತೋರು.”

ಅದೇ ಡಬ್ಬಿಯಿಂದ ನಾನೂ ಎಷ್ಟೋ ಸಲ ತಿಂದಿದ್ದೇನೆ. ಖಾರ ಹೆಚ್ಚಾಯಿತೆಂದಿದ್ದೇನೆ.

೧೪ ಸೆಪ್ಟೆಂಬರ್, ಭಾನುವಾರ

ರೂಪಶ್ರೀ ಬಂದಿದ್ದಳು, ಐದು ವರ್ಷದ ಧನ್ಯಾಳನ್ನು ಕರೆದುಕೊಂಡು. ರಂಗಸ್ವಾಮಿಯೂ ಇದ್ದ. ಕೂರುವ ಮೊದಲೇ ಹೇಳಿದಳು:

“ಅಪ್ಪನ ಎಡೆ ನಮ್ಮನೇಲಿ ಇಡ್ತೀನಿ ತಾತ. ಬದುಕಿದ್ದಾಗ ಒಂದು ರಾತ್ರಿ ಉಳ್ಕೊಳ್ಳಲಿಲ್ಲ. ಈಗಲಾದ್ರೂ ಬರಲಿ.”

ರಂಗಸ್ವಾಮಿ ಕಾಫಿ ಲೋಟ ಕೆಳಗಿಟ್ಟ. “ಎಣ್ಮಗಳ ಮನೇಲಿ ಎಡೆ ಇಕ್ತಾರೇನವ್ವಾ? ನಮ್ಮಪ್ಪ, ನಮ್ಮಜ್ಜ ಎಲ್ಲಾ ಒಳೇನರ್ಸೀಪುರಕ್ಕೆ ಬಂದು ರೂಢಿ. ಪಟ್ಣದಲ್ಲಿ ನಿಮ್ಮನೆ ಯಾವ ಕ್ರಾಸು ಅಂತ ಅವ್ರಿಗೇನ್ ಗೊತ್ತು?”

“ನಿಮ್ಮಪ್ಪ, ಅಜ್ಜಂಗೆ ನೀವು ಇಡಿ ಚಿಕ್ಕತಾತ. ನಮ್ಮಪ್ಪಂಗೆ ಗೊತ್ತು ಕ್ರಾಸು.”

“ಅಣ್ಣಯ್ಯ, ನೀನೇ ಒಂದ್ಮಾತು ಏಳು.”

ಎಲ್ಲರೂ ನನ್ನತ್ತ ನೋಡಿದರು. ಎರಡೂ ಪಕ್ಷಕ್ಕೆ ವಾದ ಸಿದ್ಧವಿತ್ತು. ಯೋಚಿಸುತ್ತೇನೆ ಎಂದೆ. ಹೇಡಿಯ ಉತ್ತರ.

ಆಗ ಧನ್ಯಾ ಪ್ಲಾಸ್ಟಿಕ್ ಕವರೊಂದನ್ನು ತಂದು ನನ್ನ ಮುಂದಿಟ್ಟಳು. ದೇವರಾಜನ ಚಪ್ಪಲಿ.

“ನಾನೇ ಬಚ್ಚಿಟ್ಟಿದ್ದೆ ದೊಡ್ಡತಾತ. ತಾತ ಹೋಗ್ಬಾರ್ದು ಅಂತ.”

ರೂಪಶ್ರೀ ನೆಲ ನೋಡುತ್ತ ಹೇಳಿದಳು. “ಎದೆ ಹಿಡ್ಕೊಂಡಂಗಾಗ್ತಿದೆ, ಗ್ಯಾಸು ಅಂದ್ರು. ಉಳ್ಕೊಳ್ಳಿ ಅಪ್ಪಾ, ಡಾಕ್ಟ್ರಿಗೆ ತೋರಿಸೋಣ ಅಂದೆ. ಕತ್ತಲಾದ್ರೆ ಅಪ್ಪಾಜಿ ಗೇಟಲ್ಲಿ ನಿಂತಿರ್ತಾರೆ ಅಂದ್ರು. ಮಂಚದ ಕೆಳಗೆಲ್ಲ ಬಗ್ಗಿ ಚಪ್ಪಲಿ ಹುಡುಕಿದ್ರು. ಸಿಗಲಿಲ್ಲ. ಬರಿಗಾಲಲ್ಲೇ ಹೋದ್ರು. ಇಷ್ಟು ದಿನ ಯಾರಿಗೂ ಹೇಳೋಕೆ ಬಾಯಿ ಬರಲಿಲ್ಲ ತಾತ.”

ಗೇಟಿನಲ್ಲಿ ನಿಂತಿದ್ದೆ, ನಿಜ. ಬಂದೊಡನೆ ಏಕೆ ತಡ ಎಂದು ಕೇಳಲು. ಪ್ರಶ್ನೆಯನ್ನು ಜೋಡಿಸಿಕೊಳ್ಳುತ್ತಲೇ ನಿಂತಿದ್ದೆ.

ಧನ್ಯಾ ನನ್ನ ಮೊಣಕಾಲು ಹಿಡಿದಳು. “ಚಪ್ಲಿ ಇರ್ಲಿಲ್ಲ ಅಂತ ತಾತ ಸತ್ತೋದ್ರಾ?”

ರೂಪಶ್ರೀ ಅವಳನ್ನೆತ್ತಿಕೊಂಡು ಹಿತ್ತಲಿಗೆ ಹೋದಳು. “ದಿನಾ ಕೇಳ್ತಾಳಂತೆ ಮಾವ,” ಎಂದಳು ಪ್ರೇಮಕುಮಾರಿ. “ಅಲ್ಲ ಅಂದ್ರೆ, ಮತ್ಯಾಕೆ ಸತ್ತೋದ್ರು ಅಂತಾಳಂತೆ.”

ಚಪ್ಪಲಿಯ ಕವರನ್ನು ನನ್ನ ಕೋಣೆಗೆ ಒಯ್ದೆ.

೧೭ ಸೆಪ್ಟೆಂಬರ್

ರಂಗಸ್ವಾಮಿಯ ಫೋನು. ಎತ್ತಲಿಲ್ಲ. ಕವರು ನನ್ನ ಕೋಣೆಯಲ್ಲೇ ಇದೆ. ಬಲಗಾಲಿನ ಹಿಮ್ಮಡಿ ಹೆಚ್ಚು ಸವೆದಿದೆ. ಅವನು ಯಾವ ಕಡೆಗೆ ವಾಲಿ ನಡೆಯುತ್ತಿದ್ದನೆಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಿಲ್ಲ.

೨೦ ಸೆಪ್ಟೆಂಬರ್, ಶನಿವಾರ, ಬೆಳಿಗ್ಗೆ

ನಾಳೆ ಅಮಾವಾಸ್ಯೆ. ರಂಗಸ್ವಾಮಿಗೆ ನಾನೇ ಫೋನ್ ಮಾಡಿದೆ. ಹಿರಿಯರಿಗೆ ನೀನಿಡು, ದೇವರಾಜನಿಗೆ ಚನ್ನರಾಯಪಟ್ಟಣದಲ್ಲಿ ಎಂದೆ.

“ಜನ ಕೇಳುದ್ರೆ ಏನೇಳ್ಲಿ?”

“ನನ್ನ ಹತ್ತಿರ ಕಳಿಸು.”

“ಮದ್ವೇಲಿ ನೀನೇ ಅಲ್ವಾ ಗಂಟ್ಲು ಅರ್ಕೊಂಡಿದ್ದು, ಕೊಟ್ಟ ಮನೆ, ಕೊಟ್ಟ ಮನೆ ಅಂತ? ಈಗೇನ್ ಬಂತು ನಿಂಗೆ?”

“ನಾನು ಹೇಳಿದ್ದು ತಪ್ಪು.”

“ಉಸಾರಾಗಿದ್ದೀಯಾ ಅಣ್ಣಯ್ಯ?” ಎಂದ. ನಿಜವಾಗಿ ಹೆದರಿದ್ದ.

ಮಧ್ಯಾಹ್ನ ಪ್ರೇಮಕುಮಾರಿಯೊಂದಿಗೆ ಹೊರಡುತ್ತೇನೆ. ಎಡೆಯ ವಿಷಯ ಅವಳಿಗೆ ಗೊತ್ತು. ಉಳಿದದ್ದು ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ, ಕೇಳಿದರೆ ತಡೆಯುತ್ತಾರೆ — ಮಗುವಿಗೇಕೆ, ಈ ವಯಸ್ಸಿನಲ್ಲೇಕೆ ಎಂದು.

ನಾಳೆ ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ನಿಂತಾಗ, ಅಳಿಯನ, ಬೀಗರ ಎದುರಿನಲ್ಲೇ ಆ ಮಗುವಿಗೆ ಉತ್ತರ ಹೇಳುವುದೆಂದು ನಿರ್ಧರಿಸಿದ್ದೇನೆ. ಪೀಠಿಕೆಯಿಲ್ಲ. ಸಮರ್ಥನೆಯಿಲ್ಲ. ಐದು ವರ್ಷದವಳಿಗೆ ತಿಳಿಯುವಷ್ಟು ಸರಳವಾಗಿ. ಬೆಳಗಿನಿಂದ ಬರೆದು ಹೊಡೆದುಹಾಕುತ್ತಿದ್ದೇನೆ. ಸದ್ಯಕ್ಕೆ ಹೀಗಿದೆ:

ಧನ್ಯಾ, ತಾತ ಬರಿಗಾಲಲ್ಲಿ ಹೋಗಿದ್ದು ನಿನ್ನ ತಪ್ಪಲ್ಲ ಕಂದ. ನೀನು ಅವನಿಗೆ ಇರು ಅಂದೆ. ಬಾ ಅಂತ ಎಳೆದವನು...