ಸೋಮವಾರವೇ ತುಂಬಿಟ್ಟ ವಾರ

ಜೂನ್ 3, ಸೋಮವಾರ. ಮಧ್ಯಾಹ್ನ 12:15

ಈ ವಾರದ ರಿಜಿಸ್ಟರು ಮುಗಿಯಿತು. ಇಂದಿನಿಂದ ಶನಿವಾರದವರೆಗೆ ಆರು ದಿನ, ಆರು ವಾರ್ಡು, ಆರು ನಳ. ಕ್ಲೋರಿನ್ 0.5, 0.3, 0.5, 0.2, 0.4, 0.5. ಮೂರು ದಿನಕ್ಕೆ ನೀಲಿ ಪೆನ್ನು, ಮೂರಕ್ಕೆ ಕಪ್ಪು. ಒಂದೇ ಪೆನ್ನಾದರೆ ಒಂದೇ ಕೂತಲ್ಲಿ ಬರೆದದ್ದೆಂದು ಯಾರಿಗಾದರೂ ತಿಳಿಯುತ್ತದೆ. ಕೊನೆಯ ಅಂಕಣದಲ್ಲಿ ಆರು ಸಲ — ಕುಡಿಯಲು ಯೋಗ್ಯ. ಹದಿನೈದು ನಿಮಿಷದ ಕೆಲಸ.

ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಇದೇ ನಗರಪರಿಷತ್ತಿನ ವಾಲ್ವ್‌ಮನ್. ಬೆಳಗ್ಗೆ ಐದಕ್ಕೆ ಸೈಕಲ್ಲು, ಹ್ಯಾಂಡಲ್ಲಿಗೆ ನೀರು ಪರೀಕ್ಷಿಸುವ ಓ.ಟಿ. ಪೆಟ್ಟಿಗೆ. ಯಾರ ಮನೆಯ ನಳವಾದರೂ ಸರಿ, ಪುಟ್ಟ ಸೀಸೆಯಲ್ಲಿ ನೀರು ಹಿಡಿದು ಐದು ಹನಿ ಔಷಧಿ. ಹಳದಿಯಾಯಿತೋ, ನೀರಲ್ಲಿ ಕ್ಲೋರಿನ್ ಇದೆ, ಕುಡಿಯಿರಿ. ಆಗಲಿಲ್ಲವೋ, ವಾಲ್ವ್ ಬಂದ್, ನಗರಾಧ್ಯಕ್ಷರೇ ಬೈದರೂ ಬಂದ್. ಅವರು ಹೋದ ಮೇಲೆ ಅನುಕಂಪದ ನೌಕರಿ ನನಗೆ. ನೀರು ಸರಬರಾಜು ವಿಭಾಗದ ಗುಮಾಸ್ತೆ ಮಂದಾಕಿನಿ ಬೋರಸೆ. ಕುರ್ಚಿ ಕೊಟ್ಟರು. ವಾರ್ಡು ಸುತ್ತಿ ನೀರು ನೋಡುವ ಹುದ್ದೆ ಮಾತ್ರ ನಾಲ್ಕು ವರ್ಷದಿಂದ ಖಾಲಿ. ಎಂಜಿನಿಯರ್ ಕುವರ್ ಸಾಹೇಬರು ಮೊದಲ ವಾರವೇ ಹೇಳಿಕೊಟ್ಟಿದ್ದಾರೆ — "ಹುದ್ದೆ ಖಾಲಿ ಇದ್ರ ನಡೀತದ ಬೋರಸೆ ಬಾಯಿ, ರಿಜಿಸ್ಟರ್ ಖಾಲಿ ಇರಬಾರದು."

ಸಂಜೆ ರಿಜಿಸ್ಟರು ಪಂಪ್‌ಹೌಸಿಗೆ ಹೋಗುತ್ತದೆ. ಅಲ್ಲಿ ದಗಡೂ ಕಾಕಾ ಸಹಿ ಹಾಕಿ ವಾರವಿಡೀ ಇಟ್ಟುಕೊಳ್ಳುತ್ತಾರೆ. ನೀರಿಗೆ ಬ್ಲೀಚಿಂಗ್ ಪುಡಿ ಹಾಕುವವರು ಅವರೇ. ಅಪ್ಪನ ಜೊತೆಯವರು. ಅವರಿರುವಾಗ ನನಗೇನು ಚಿಂತೆ.

ಜೂನ್ 3, ಸಂಜೆ 7

ತಂಗಿ ಪ್ರಾಜುಗೆ ಎಂಟನೆಯ ತಿಂಗಳು ನಡೆಯುತ್ತಿದೆ. ಕಾಲು ಊದಿವೆ, ಬಾಯಿ ಮಾತ್ರ ಊದಿಲ್ಲ, ದಿನವಿಡೀ ನಡೆಯುತ್ತದೆ. ಮೊದಲ ಹೆರಿಗೆ ತವರಲ್ಲೇ ಎಂದು ಹಟ ಹಿಡಿದು ಏಳರಲ್ಲಿ ಕರೆತಂದವಳು ನಾನೇ. ಅವ್ವ ಇಲ್ಲ, ಅಪ್ಪ ಇಲ್ಲ. ತವರು ಅಂದರೆ ನಾನು. ಅವಳ ಅತ್ತೆ ಬಹಳ ಹೇಳಿದರು — ನಾಶಿಕದಲ್ಲೇ ಇರಲಿ, ದೊಡ್ಡ ಆಸ್ಪತ್ರೆ ಇದೆ, ಮನೆಯಲ್ಲಿ ಫಿಲ್ಟರ್ ಇದೆ. ಆ ಫಿಲ್ಟರ್ ಮಾತು ನನಗೆ ಚುಚ್ಚಿತ್ತು.

ಇವತ್ತು ಮತ್ತೆ.

"ಅಕ್ಕಾ, ನೀರ್ ಕುದಿಸ್ಲೇನ? ಫೋನ್ ಮಾಡಿದಾಗೊಮ್ಮೆ ಅತ್ತಿ ಅದನ್ನs ಕೇಳ್ತಾರ."

"ನಿಮ್ಮತ್ತಿಗೆ ಹೇಳು, ಈ ಊರ ನೀರಿನ ಜಾತಕ ನಮ್ಮಕ್ಕನ ಕೈಯಾಗೈತಿ ಅಂತ. ಸುಮ್ನ ಗ್ಯಾಸ್ ಯಾಕ ಸುಡತಿ?"

ನಕ್ಕಳು. ತಂಬಿಗೆ ಎತ್ತಿ ಗಟಗಟ ಕುಡಿದಳು.

ಜೂನ್ 7, ಶುಕ್ರವಾರ. ಮಧ್ಯಾಹ್ನ 1

ನಾಲ್ಕನೇ ವಾರ್ಡಿನಿಂದ ಒಂಬತ್ತು ಅರ್ಜಿ. ನೀರು ಮಣ್ಣು ಬಣ್ಣ, ವಾಸನೆ. ನಾಲ್ಕು ದಿನಕ್ಕೊಮ್ಮೆ ಬರುವ ನೀರು, ಪೈಪು ಚರಂಡಿಯೊಳಗೇ ಹಾದು ಹೋಗುತ್ತದೆ, ಇನ್ನೇನು ಗುಲಾಬಿ ವಾಸನೆ ಬರಬೇಕೇ. ಒಂಬತ್ತಕ್ಕೂ ಒಂದೇ ಉತ್ತರ ಟೈಪ್ ಮಾಡಿದೆ — ತಪಾಸಣೆಯಲ್ಲಿ ನೀರು ಯೋಗ್ಯವೆಂದು ಕಂಡುಬಂದಿದೆ.

ಪ್ರಾಜುಗೆ ಹುಣಸೆ ಚಟ್ನಿ ಬೇಕಂತೆ. ಸಂಜೆ ಸಂತೆಗೆ ಹೋಗಬೇಕು.

ಜೂನ್ 11, ಮಂಗಳವಾರ. ಸಂಜೆ 6

ನಗರಪರಿಷತ್ತಿನ ಸಾಮಾನ್ಯ ಸಭೆ. ವಿಷಯ ಹದಿನಾಲ್ಕು. ಬೀದಿದೀಪ, ಸ್ಮಶಾನದ ಗೇಟು, ಸಂತೆಕಟ್ಟೆಯ ಹರಾಜು. ಹನ್ನೊಂದನೆಯದು — ಕಾಮಾಲೆ.

ಆರೋಗ್ಯ ಕೇಂದ್ರದ ಡಾ. ಮನ್ಸೂರಿ ಎದ್ದು ನಿಂತರು. ನಾಲ್ಕು ಮತ್ತು ಐದನೇ ವಾರ್ಡಿನಲ್ಲಿ ಹದಿನೇಳು ಜನಕ್ಕೆ ಕಾಮಾಲೆ, ನೀರಿನ ಮೇಲೇ ಅನುಮಾನ ಎಂದರು. ನಾಲ್ಕನೇ ವಾರ್ಡಿನಿಂದ ಆರಿಸಿ ಬಂದ ನಗರಸೇವಕರು ಮೇಜು ಗುದ್ದಿದರು. ಕುವರ್ ಸಾಹೇಬರು ಕೂತಲ್ಲಿಂದಲೇ ಹೇಳಿದರು, "ಬೋರಸೆ ಬಾಯಿ, ರಿಜಿಸ್ಟರ್ ಓದ್ರಿ. ಸಭಾಕ್ಕ ಗೊತ್ತಾಗ್ಲಿ."

ಬೆಳಗ್ಗೆಯೇ ಪಂಪ್‌ಹೌಸಿನಿಂದ ತರಿಸಿಟ್ಟಿದ್ದರು. ಎದ್ದೆ. ಓದಿದೆ. ತಾರೀಕು, ವಾರ್ಡು, ಅಂಕಿ, ಯೋಗ್ಯ. ತಾರೀಕು, ವಾರ್ಡು, ಅಂಕಿ, ಯೋಗ್ಯ. ಓದುವ ಭರದಲ್ಲಿ ಬುಧವಾರಕ್ಕೂ ಹೋಗುವವಳಿದ್ದೆ. ಇಂದು ಇನ್ನೂ ಮಂಗಳವಾರ. ನಾಲಿಗೆ ಕಚ್ಚಿಕೊಂಡೆ. ಪುಟದಲ್ಲಿ ಶನಿವಾರದವರೆಗೂ ನೀರು ಯೋಗ್ಯವಿತ್ತು.

ಠರಾವು: ನೀರು ಶುದ್ಧವಿದೆ. ಪಾನಿಪುರಿ ಮತ್ತು ಕಬ್ಬಿನ ಹಾಲಿನ ಗಾಡಿಗಳನ್ನು ಹದಿನೈದು ದಿನ ಬಂದ್ ಮಾಡತಕ್ಕದ್ದು. ಸರ್ವಾನುಮತ.

ಹೊರಗೆ ಬರುವಾಗ ಡಾ. ಮನ್ಸೂರಿ ತಡೆದರು.

"ಈ ಟೆಸ್ಟ್ ನೀವs ಮಾಡ್ತೀರೇನ್ರಿ ಬಾಯಿ?"

"ಹೌದ್ರಿ ಸರ್."

"ದಿನಾ?"

"ದಿನಾ."

ಅವರು ರಿಜಿಸ್ಟರಿನ ಕಡೆ ಒಮ್ಮೆ ನೋಡಿ ಹೊರಟುಹೋದರು. ನನಗೆ ಸಿಟ್ಟು ಬಂತು. ದಗಡೂ ಕಾಕಾ ಪುಡಿ ಹಾಕುತ್ತಾರೆ, ಅಂದ ಮೇಲೆ ನೀರು ಸರಿಯೇ ಇರುತ್ತದೆ, ನಾನು ಬರೆಯುವುದು ಇದ್ದದ್ದನ್ನೇ. ನೋಡಿ ಬರೆದರೇನು, ನೋಡದೆ ಬರೆದರೇನು.

ಜೂನ್ 16, ಭಾನುವಾರ. ಬೆಳಗ್ಗೆ 10

ಪ್ರಾಜು ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. ವಾಂತಿ. ಮೈ ಬೆಚ್ಚಗಿದೆ. ದಿನ ತುಂಬುತ್ತಾ ಬಂದಾಗ ಹೀಗೇ ಇರಬಹುದು. ಬದನೆಕಾಯಿ ಸುಟ್ಟು ಭರ್ತಾ ಮಾಡಿದೆ, ಅವಳ ಜೀವ. ವಾಸನೆಗೇ ಮುಖ ತಿರುಗಿಸಿದಳು.

ಬಸುರಿಯಲ್ಲವೇ. ಬಸುರಿಗೆ ಹೀಗಾಗುತ್ತದೆ.

ಜೂನ್ 18, ಮಂಗಳವಾರ. ಬೆಳಗ್ಗೆ 8

ಬಿಸಿಲಿಗೆ ಕರೆದು ಕಣ್ಣು ನೋಡಿದೆ.

ಹಳದಿ.

ರಾತ್ರಿ 9

ಪಕ್ಕದ ಮನೆಯ ಸಖೂ ಮೌಶಿ ಕಾಮಾಲೆ ಇಳಿಸುವ ಮಾಲೆ ತಂದು ಪ್ರಾಜು ತಲೆಗೆ ಹಾಕಿದರು. ಕಡ್ಡಿಗಳ ಮಾಲೆ, ಉದ್ದವಾಗುತ್ತಾ ಕೆಳಗಿಳಿದರೆ ಕಾಯಿಲೆಯೂ ಇಳಿಯುತ್ತದಂತೆ. ಅವಳ ಕೈಗೆ ಏನೋ ಸವರಿ ಸುಣ್ಣದ ನೀರಲ್ಲಿ ತೊಳೆದರು. ನೀರು ಹಳದಿಯಾಯಿತು. "ನೋಡ, ಹ್ಯಾಂಗ ಇಳೀಲಿಕ್ಹತ್ತೈತಿ," ಎಂದರು. ಸುಣ್ಣ ತಾಕಿದರೆ ಹಳದಿಯಾಗುವ ಏನೋ ತೊಗಟೆ ಅದು. ಸೀಸೆಯಲ್ಲಿ ಬಣ್ಣ ಬದಲಾಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಆದರೂ ಕೈಮುಗಿದು ಕೂತೆ. ಒಂದು ಇಡೀ ದಿನ ಕೂತೆ.

ಆದರೆ ಕಾಮಾಲೆ ಎಲ್ಲಿಂದ ಬಂತು? ಅವಳು ಪಾನಿಪುರಿ ತಿಂದಿಲ್ಲ. ಮನೆ ಬಿಟ್ಟು ಹೊರಗೇ ಹೋಗಿಲ್ಲ.

ಜೂನ್ 19, ಬುಧವಾರ. ಬೆಳಗ್ಗೆ 9:30. ಪಂಪ್‌ಹೌಸ್ ಕಟ್ಟೆ

ಮಧ್ಯಾಹ್ನಕ್ಕೆ ಜಿಲ್ಲಾ ಆಸ್ಪತ್ರೆಗೆ ಗಾಡಿ ಹೇಳಿದ್ದೇನೆ. ಅದಕ್ಕೂ ಮೊದಲು ಅಪ್ಪನ ಪೆಟ್ಟಿಗೆ ಅಟ್ಟದಿಂದ ಇಳಿಸಿದೆ. ಆಫೀಸಿನ ಕಪಾಟಿನಿಂದ ಔಷಧಿ ಬಾಟಲಿ ತಂದೆ. ಸೀಲು ಕೂಡ ಒಡೆದಿರಲಿಲ್ಲ.

ಮನೆಯ ನಳ. ಐದು ಹನಿ. ಬಣ್ಣ ಬರಲಿಲ್ಲ.

ಸಖೂ ಮೌಶಿಯ ನಳ. ಬರಲಿಲ್ಲ.

ಔಷಧಿಯೇ ಕೆಟ್ಟಿರಬೇಕು, ಕೆಟ್ಟಿರಲಿ ದೇವರೇ, ಎಂದು ಪಂಪ್‌ಹೌಸಿಗೆ ಓಡಿ ಬಂದೆ. ಟ್ಯಾಂಕಿನ ನೀರು. ಬರಲಿಲ್ಲ. ಚೀಲದಿಂದ ಒಂದು ಚಿಟಿಕೆ ಪುಡಿ ಅದೇ ಸೀಸೆಗೆ ಹಾಕಿದೆ. ತಕ್ಷಣ ಕಡು ಹಳದಿ. ಔಷಧಿ ಚೆನ್ನಾಗಿದೆ. ನೀರಲ್ಲಿ ಏನೂ ಇಲ್ಲ.

"ಕಾಕಾ, ಪುಡಿ ಹಾಕಿಲ್ಲೇನ?"

ದಗಡೂ ಕಾಕಾ ಬೀಡಿ ಆರಿಸಿ ಹತ್ತಿರ ಬಂದರು. "ಹಾಕ್ತೀನಲ್ಲ. ನಿನ್ನ ರಿಜಿಸ್ಟರ್ ನೋಡೇ ಹಾಕ್ತೀನಿ."

"ನನ್ನ ರಿಜಿಸ್ಟರ್ ನೋಡಿ ಅಂದ್ರ?"

"ಈ ಸಲ ಮಾರ್ಚದಾಗ ಮೂವತ್ತ ಚೀಲದ ಬದ್ಲಿ ಎಂಟs ಬಂದಾವ. ಹಿಡದ ಹಿಡದ ಬಳಸಬೇಕಲ್ಲವ್ವಾ. ನೀ ಅರ್ಧ ಅಂತ ಬರದಿರ್ತೀ, ಅಂದ್ರ ನೀರಾಗ ಔಷಧ ಬೇಕಾದಷ್ಟ ಐತಿ, ಆ ದಿನ ಚೀಲ ಬಿಚ್ಚೂದಿಲ್ಲ. ಬರೇ ಪಾಯಿಂಟ್ ಎರಡ ಅಂತಿದ್ರ ಒಂದ ಬುಟ್ಟಿ ಹಾಕ್ತೀನಿ. ನೋಡಲ್ಲೆ, ಇನ್ನೂ ಐದ ಚೀಲ ಉಳಿಸೀನಿ."

ಹೆಮ್ಮೆಯಿಂದ ತೋರಿಸಿದರು. ಗೋಡೆಗೆ ಒರಗಿಸಿದ ಐದು ಚೀಲ.

"ಕಾಕಾ, ಶನಿವಾರದ ಅಂಕಿ ಸೋಮವಾರನs ಹ್ಯಾಂಗ ಬಂತು ಅಂತ ಒಮ್ಮಿನೂ ಅನಸ್ಲಿಲ್ಲೇನ?"

"ನಾ ಎರಡನೇತ್ತಾ ತನಕ ಸಾಲಿ ಕಲತಾಂವ. ಎಷ್ಟ ಹಾಕಬೇಕು ಅಂತ ಆಫೀಸನ್ಯಾಗ ಮೊದ್ಲs ಲೆಕ್ಕಾ ಮಾಡಿ ಕಳಸ್ತೀರಿ ಅಂತ ತಿಳಕೊಂಡಿದ್ದೆ." ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ನೀ ನಮ್ಮ ವಾಲ್ವ್‌ಮನ್ ಅಣ್ಣಾನ ಮಗಳು, ಮಂದಾ. ನಿನ್ನ ಅಂಕಿ ಯಾಕ ಸುಳ್ಳಾಗ್ತಾವು?"

ನಾನು ಅವರ ಪುಡಿಯನ್ನು ನಂಬಿ ಅಂಕಿ ಬರೆದೆ. ಅವರು ನನ್ನ ಅಂಕಿಯನ್ನು ನಂಬಿ ಪುಡಿ ಹಾಕಲಿಲ್ಲ. ಮಾರ್ಚ್‌ನಿಂದ ಇಡೀ ಊರು ಹಾಗೇ ನೀರು ಕುಡಿದಿದೆ. ಪ್ರಾಜು ಕುಡಿದಿದ್ದಾಳೆ. ನಾನೇ ತುಂಬಿಸಿ ಕೊಟ್ಟಿದ್ದೇನೆ.

ಅಲ್ಲೇ ಕಾಕಾಗೆ ಹೇಳಿದೆ, ಇವತ್ತೇ ಎರಡು ಚೀಲ ಸುರಿಯಿರಿ ಎಂದು. ಗಾಡಿ ಬರುವ ಹೊತ್ತಾಯಿತು.

ಜೂನ್ 20, ಗುರುವಾರ. ಸಂಜೆ 5. ಜಿಲ್ಲಾ ಆಸ್ಪತ್ರೆ

ಕಾಮಾಲೆ ಅಳೆಯುವ ಬಿಲಿರುಬಿನ್ 14. ಒಂದರ ಹತ್ತಿರ ಇರಬೇಕಂತೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ನೇರ. "ಬ್ಯಾರೆಯವರಿಗೆ ಈ ಕಾಮಾಲೆ ತಿಂಗಳದಾಗ ಹೋಗ್ತದ. ಬಸುರಿ ಹೆಣ್ಣಮಕ್ಕಳಿಗೆ ಹಂಗಲ್ಲ. ಎರಡ ದಿನ ಮೊದ್ಲ ತರಬೇಕಿತ್ತು. ಎಲ್ಲಿ ನೀರ್ ಕುಡೀತಿದ್ರು?"

"ನಳದ್ದು."

"ಕುದಿಸಿ?"

ಯೋಗೇಶ — ಪ್ರಾಜು ಗಂಡ — ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ತಾಯಿಯೂ ಇದ್ದರು. ಅವರೇ ಹೇಳಿದರು, "ಕುದಿಸೇ ಕೊಟ್ಟಿರ್ತಾಳ್ರಿ. ಅಕಿ ನೀರಿನ ಆಫೀಸನ್ಯಾಗ ಇದ್ದಾಳ."

ಜೂನ್ 22, ಶನಿವಾರ. ಮಧ್ಯಾಹ್ನ 2. ಬಸ್ಸಿನಲ್ಲಿ

ಕುವರ್ ಸಾಹೇಬರ ಫೋನು ನಿನ್ನೆಯಿಂದ ಹನ್ನೊಂದು ಸಲ. ಜಿಲ್ಲೆಯಿಂದ ತನಿಖೆಗೆ ಬರುತ್ತಾರಂತೆ. ರೋಗಿಗಳು ಐವತ್ತೆರಡು. ಬೆಳಗ್ಗೆ ಊರಿಗೆ ಹೋದೆ. ಅವರ ಮೇಜಿನ ಮೇಲೆ ಹಳೆಯ ರಿಜಿಸ್ಟರು, ಪಕ್ಕದಲ್ಲಿ ಹೊಸದೊಂದು, ಎರಡು ಪೆನ್ನು, ಚಹಾ.

"ನೀಟಾಗಿ ಬರದ ಕೊಡ್ರಿ ಬಾಯಿ. ಜನವರಿಯಿಂದ. ಹಳೇದ ನಾ ನೋಡ್ಕೋತೀನಿ."

"ನನ್ನ ತಂಗಿ ಆಸ್ಪತ್ರ್ಯಾಗ ಅದಾಳ್ರಿ."

"ಗೊತ್ತೈತಿ. ಅದಕ್ಕs ಹೇಳೂದು. ಮನ್ಯಾಗ ಕಷ್ಟ ಇದ್ದಾಗ ನೌಕರಿ ಕಳಕೋಬಾರದು."

ಎರಡು ಪೆನ್ನನ್ನೂ ಎತ್ತಿಕೊಂಡೆ. ಹಳೆಯ ರಿಜಿಸ್ಟರನ್ನೂ ಎತ್ತಿಕೊಂಡೆ. ಮುಖ್ಯಾಧಿಕಾರಿಗಳ ಕೋಣೆಗೆ ಹೋಗಿ ಅಲ್ಲಿಯೇ ಕೂತು ಬರೆದೆ — ನಾಲ್ಕು ವರ್ಷ ಒಂದು ನಳವನ್ನೂ ನೋಡದೆ ಇದನ್ನು ಬರೆದಿದ್ದೇನೆ. ಇದರಲ್ಲಿರುವ ಒಂದು ಅಂಕಿಯೂ ನಿಜವಲ್ಲ. ಸಹಿ. ಪ್ರತಿ ಡಾ. ಮನ್ಸೂರಿಗೆ.

ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಆಟೋ ಮೈಕಿನಲ್ಲಿ ಕೂಗುತ್ತಿತ್ತು. ನೀರು ಕುದಿಸಿ ಕುಡಿಯಿರಿ, ಕುದಿಸಿ ಕುಡಿಯಿರಿ.

ದೇವರೇ, ನಿಜ ಹೇಳಿದೆ. ನೌಕರಿ ತಗೋ, ಜೈಲಿಗೆ ಹಾಕಿಸು. ಅವಳನ್ನು ಬಿಟ್ಟುಬಿಡು. ಇಷ್ಟೇ ಕೇಳುತ್ತಿರುವುದು.

ಜೂನ್ 24, ಸೋಮವಾರ. ಮಧ್ಯಾಹ್ನ 12:15. ವಾರ್ಡಿನ ಹೊರಗೆ, ಬೆಂಚು

ಬಿಲಿರುಬಿನ್ 18. ರಕ್ತ ಹೆಪ್ಪುಗಟ್ಟುತ್ತಿಲ್ಲವಂತೆ, ಹೊಟ್ಟೆ ಕೊಯ್ದು ಮಗು ತೆಗೆಯಲೂ ಆಗದು. ಬೆಳಗ್ಗೆಯಿಂದ ಒಂದೇ ನಿದ್ದೆ, ನಡುನಡುವೆ ಬಡಬಡಿಸುತ್ತಾಳೆ. ಒಂದು ಸಲ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು. ಚಮಚದಲ್ಲಿ ನೀರು ಬಿಟ್ಟೆ. ಉಗುಳಿದಳು.

"ಇಲ್ಲೀದು ಬ್ಯಾಡ ಅಕ್ಕಾ. ನಮ್ಮೂರ ನೀರ್ ಕೊಡು."

ಹೊರಗೆ ಬಂದು ಕೂತಿದ್ದೇನೆ. ಯೋಗೇಶನಿಗೂ ಅವನ ತಾಯಿಗೂ ನಿನ್ನೆ ಎಲ್ಲ ಹೇಳಿಬಿಟ್ಟೆ. ಅವನು ಎದ್ದು ಹೋದ. ಅವರು ಬೈಯಲಿಲ್ಲ. ಬೈಯಬೇಕಿತ್ತು.

ಸೋಮವಾರ, ಹನ್ನೆರಡೂ ಕಾಲು. ನಾನು ವಾರ ತುಂಬುವ ಹೊತ್ತು. ಚೀಲದಲ್ಲಿ ಎರಡೂ ಪೆನ್ನು ಇವೆ. ನಾಲ್ಕು ವರ್ಷ ನಾನು ಬರೆದದ್ದನ್ನು ಎಲ್ಲರೂ ನಿಜವೆಂದರು. ಇನ್ನೊಂದು ವಾರ ಅನ್ನಲಿ.

ಜೂನ್ 25, ಮಂಗಳವಾರ — ಕಣ್ಣು ಬಿಟ್ಟಳು. 15. ಹಸಿವು ಅಂದಳು.

ಜೂನ್ 26, ಬುಧವಾರ — 11. ಎರಡು ಚಮಚ ಗಂಜಿ ಇಳಿಯಿತು.

ಜೂನ್ 27, ಗುರುವಾರ — 12. ದಿನಾ ಇಳಿಸುತ್ತಾ ಹೋದರೆ ಯಾರೂ ನಂಬುವುದಿಲ್ಲ, ಸ್ವಲ್ಪ ಏರಿಸಿದ್ದೇನೆ.

ಜೂನ್ 28, ಶುಕ್ರವಾರ — 8. ಅತ್ತೆಯ ಜೊತೆ ಫೋನಿನಲ್ಲಿ ಜಗಳ ಆಡುವಷ್ಟು ಆಗಿದ್ದಾಳೆ.

ಜೂನ್ 29, ಶನಿವಾರ — 5. ಹೆಣ್ಣು ಮಗು. ಎರಡು ಕಿಲೋ ಆರುನೂರು. ಇಬ್ಬರೂ ಕ್ಷೇಮ.

ಮೂರು ದಿನ ನೀಲಿ, ಎರಡು ದಿನ ಕಪ್ಪು.

ಜೂನ್ 25, ಮಂಗಳವಾರ. ಬೆಳಗ್ಗೆ 6:10

ಮೇಲಿನದೆಲ್ಲ ಹೊಡೆದು ಹಾಕಬೇಕು.

ನಾಲ್ಕೂ ಮುಕ್ಕಾಲಿಗೆ ಹೋದಳು. ಮಗುವೂ. ಯೋಗೇಶ ಗೋಡೆ ಕಡೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಾನೆ. ಅವನ ತಾಯಿ ಬಂದು ನನ್ನ ಕೈಯಲ್ಲಿ ಬಾಟಲಿ ಇಟ್ಟರು. "ಕುದಿಸಿದ್ದು. ಒಂದ ಗುಟುಕ ಕುಡೀವ್ವಾ," ಅಂದರು.

ನರ್ಸು ಒಂದು ಫಾರಂ ಕೊಟ್ಟಿದ್ದಾಳೆ. ಕಾಮಾಲೆಯಿಂದ ಹೋದವರದ್ದು ಆರೋಗ್ಯ ಇಲಾಖೆಗೆ ಕಳಿಸಬೇಕಂತೆ, ಮನೆಯವರೇ ತುಂಬಬೇಕು. ಹೆಸರು ಬರೆದೆ. ವಯಸ್ಸು, ಇಪ್ಪತ್ತನಾಲ್ಕು. ಮಾಹಿತಿ ಕೊಡುವವರು, ಅಕ್ಕ. ಕುಡಿಯುತ್ತಿದ್ದ ನೀರು ಹೇಗಿತ್ತು ಎಂಬ ಅಂಕಣಕ್ಕೆ ಬಂದಾಗ ಕೈ ತಾನಾಗಿ ಬರೆದುಬಿಟ್ಟಿದೆ — ಕುಡಿಯಲು ಯೋ