ಎರಡು ದಂಡೆಗೂ ಸೇರದ ಮನೆತನ

ನೀರಿಳಿದ ಹನ್ನೊಂದನೆಯ ದಿನ
(ನಿಮ್ಮ ಎಣಿಕೆಯಲ್ಲಿ ೨೨೩೧ನೆಯ ಇಸವಿ)
ಕೃಷ್ಣೆಯ ನಡುಗಡ್ಡೆ

ಮುದ್ದಾಪುರ ಮತ್ತು ಕಲ್ಲಗಡ್ಡೆಯ ಹಿರಿಯರಿಗೆ ಹುಲಿಗೆವ್ವನ ನಮಸ್ಕಾರಗಳು.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನೀವಿರುವ ಕಾಲಕ್ಕೆ ಈ ಕಾಗದ ಹೇಗೆ ತಲುಪುತ್ತದೆಂದು ನನಗೂ ತಿಳಿಯದು. ಆದರೂ ಬರೆಯಬೇಕಾಗಿದೆ. ಬರುವ ಹುಣ್ಣಿಮೆಯಂದು ನಮ್ಮ ಮನೆಯವರು ಹೊಳೆಯಲ್ಲಿ ಉಳಿಯಬೇಕೋ ಬಿಟ್ಟು ಹೋಗಬೇಕೋ ಎಂಬುದು ತೀರ್ಮಾನವಾಗುತ್ತದೆ.

ನಮ್ಮ ಕೃಷ್ಣೆ ವರ್ಷಕ್ಕೆ ಐದು ತಿಂಗಳು ಮಾತ್ರ ಹರಿಯುತ್ತಾಳೆ. ಉಳಿದ ದಿನ ಮರಳಿನಲ್ಲಿ ಒರತೆ ತೋಡಿ ಸೌತೆ, ಕರಬೂಜ ಬೆಳೆಯುತ್ತೇವೆ. ಬಿಸಿಲು ಏರುವ ಮೊದಲೇ ಕೆಲಸ ಮುಗಿಸಿ, ಒದ್ದೆ ಜೊಂಡಿನಿಂದ ನೇಯ್ದ ತಂಪುತಟ್ಟಿಯ ಹಿಂದೆ ಮಲಗುತ್ತೇವೆ. ಹರಿಗೋಲು ಈಗಲೂ ಬಿದಿರಿನದೇ. ಸುತ್ತಲಿನ ಹೊದಿಕೆಯನ್ನು ಮಾತ್ರ ಪಾಚಿಯಿಂದ ಬೆಳೆಸುತ್ತಾರೆ, ಅದನ್ನು ಹಸಿರುತೊಗಲು ಅನ್ನುತ್ತೇವೆ. ನೀರು ಕಡಿಮೆಯಾದ ಮೇಲೆ ದಂಡೆಹಕ್ಕು ಎಂಬ ಕಟ್ಟಳೆ ಬಂತು. ಹಳೆಯ ಪುಸ್ತಕದಲ್ಲಿ ಇಂಥ ದಂಡೆಯದೆಂದು ಬರೆದಿರುವ ಮನೆತನಕ್ಕೆ ಹೊಳೆಯಲ್ಲಿ ಪಾಲು. ಉಳಿದವರು ಮೇಲಿನ ಮಡ್ಡಿಗೆ ಹೋಗಬೇಕು. ಅಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ.

ನೀವು ಈಗ ಅಚ್ಚಿಗೆ ಕೊಡಲಿರುವ, ಎದುರುಬದುರು ದಂಡೆಯ ನಿಮ್ಮ ಎರಡು ಊರುಗಳ ಚರಿತ್ರೆಯನ್ನೇ ಇಲ್ಲಿ ಹಳೆಯ ಪುಸ್ತಕ ಅನ್ನುತ್ತಾರೆ. ಎರಡನ್ನೂ ನಾನು ಪ್ರೀತಿಯಿಂದ ಓದಿದ್ದೇನೆ. ಯಾವ ಮನೆಯವರು ಬಾವಿ ತೋಡಿಸಿದರು, ಕುಂಬಾರರ ಆವಿಗೆ ಎಲ್ಲಿತ್ತು, ಯಾರ ಸೊಸೆ ತವರಿನಿಂದ ಬಿಳಿಜೋಳದ ಬೀಜ ತಂದಳು, ಎಲ್ಲವೂ ಇದೆ. ಆದರೆ ಹರಿಗೋಲು ಹಾಕುತ್ತಿದ್ದ ನಮ್ಮವರ ಬಗ್ಗೆ ಮುದ್ದಾಪುರದ ಪುಸ್ತಕ ಒಂದೇ ಸಾಲು ಬರೆದಿದೆ: ‘ಅಂಬಿಗರು ಆಚೆ ದಂಡೆಯವರು.’ ಕಲ್ಲಗಡ್ಡೆಯ ಪುಸ್ತಕದಲ್ಲೂ ಅದೇ ಸಾಲು. ಇದು ಹೊಳೆದಂಡೆಯ ಊರಿನವರು ಮಾತ್ರ ಮಾಡಬಹುದಾದ ತಪ್ಪು. ದಾಟಲು ಬಂದವರಿಗೆ ಹರಿಗೋಲು ಯಾವಾಗಲೂ ಆಚೆಯೇ ಕಾಣುತ್ತದೆ. ಕೈ ಬಾಯಿಗಿಟ್ಟು ಕೂಗಿದರೆ ಅಂಬಿಗ ಆಚೆಯಿಂದಲೇ ಬರುತ್ತಾನೆ. ನಮ್ಮ ಗುಡಿಸಲು ನಡುಗಡ್ಡೆಯಲ್ಲಿತ್ತು.

ಮುದ್ದಾಪುರದ ಚಂದಪ್ಪಜ್ಜ ದಂಡೆಹಕ್ಕು ತೀರ್ಮಾನಿಸುವ ಪಂಚರಲ್ಲಿ ಹಿರಿಯ. ಅವನನ್ನು ಕೇಳಿದೆ. “ಒಲ್ಲೆ ಅನ್ನಾಕ ನಾ ಯಾರವಾ? ಬುಕ್ಕಿನಾಗ ಬರದೈತಿ, ನೀವು ಆಚಿ ದಂಡಿಯವ್ರು. ಅಲ್ಲಿ ಕೇಳ್ ಹೋಗು” ಅಂದ. ಅವತ್ತೇ ದಾಟಿ ಕಲ್ಲಗಡ್ಡೆಯ ಪಂಚರಲ್ಲಿ ಒಬ್ಬಳಾದ ಬಸಲಿಂಗಮ್ಮನ ಬಳಿ ಹೋದೆ. ಆಕೆ ಮಜ್ಜಿಗೆ ಕೊಟ್ಟು ನಕ್ಕಳು. “ನಮ್ಮ ಬುಕ್ಕಿನಾಗೂ ಹಂಗೇ ಐತಲ್ಲ ತಂಗಿ! ಹೊಳಿ ನಡುವಿನವ್ರು ಮೀನಿನ ಪಂಚಾಯ್ತಿಗೇ ಹೋಗ್ಬೇಕೇನೋ.” ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಬರದಿದ್ದು ಒಂದು ಸಾಲರ ತಾ. ನಿಮ್ಮ ಪರ ಕೈ ಎತ್ತತೀನಿ.”

ಅಜ್ಜಿ ತಾಯಮ್ಮನಿಗೆ ಇದನ್ನು ಹೇಳಿದೆ. ಆಕೆ ಒಂದು ದಿನವೂ ಹೊಳೆ ಬಿಟ್ಟು ಮಲಗಿದವಳಲ್ಲ. “ದಾಟಾಕ ಬೇಕಾದಾಗ ಹೆಸರು ಹಿಡದು ಕೂಗ್ತಿದ್ರು. ಬರಿಯೂ ಹೊತ್ತಿಗೆ ಹೆಸರು ನೀರಾಗ ಬಿತ್ತೇನು?” ಅಂದು ಹುಟ್ಟನ್ನು ಒರೆಸುತ್ತ ಕೂತಳು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹೋದ ವರ್ಷ ದಂಡೆಯ ಮನೆಗಳ ಪಟ್ಟಿ ಮಾಡುವ ಕೆಲಸ ನನಗೆ ಬಂದಿತ್ತು. ಪ್ರತಿ ಬೇಸಿಗೆ ಬಂದು ಇಳಿಯುವ ಕುರಿಗಾರರ ಬಗ್ಗೆ ನಾನೂ ‘ಎಲ್ಲಿಯವರೋ’ ಎಂದು ಬರೆದು ಮುಗಿಸಿದ್ದೆ. ಕಲ್ಲಗಡ್ಡೆಯಿಂದ ಮರಳುವಾಗ ಅದು ನೆನಪಾಯಿತು. ಅವರ ಹಟ್ಟಿಗೆ ಹೋಗಿ ಹೆಸರು ಕೇಳಿದೆ. “ಈಗ ಕೇಳಿದೇನವಾ?” ಎಂದಳು ಅಲ್ಲಿಯ ಹಿರಿಯಳು. ಆಮೇಲೆ ಒಂಬತ್ತು ತಲೆಮಾರು ಹೇಳಿದಳು. ನಾನು ಕೂತು ಬರೆದುಕೊಂಡೆ.

ನಿಮ್ಮಲ್ಲಿ ಬೇಡುವುದು ಇಷ್ಟೇ. ಪುಸ್ತಕ ಅಚ್ಚಾಗುವ ಮೊದಲು ಒಮ್ಮೆ ಹೊಳೆ ದಾಟಿ. ಹುಟ್ಟು ಹಾಕುವವನ ಹೆಸರು, ಅವನ ಹೆಂಡತಿಯ ಹೆಸರು, ಅವರ ಮನೆ ಎಲ್ಲಿ ಎಂಬುದನ್ನು ಕೇಳಿ ಒಂದು ಸಾಲು ಬರೆಯಿರಿ. ಹರಿಗೋಲಿನಲ್ಲಿ ಕೂತಿರುವಾಗಲೇ ಕೇಳಿ. ಇಳಿದ ಮೇಲೆ ಎಲ್ಲರೂ ಊರಿನ ಕಡೆ ಮುಖ ಮಾಡಿ ನಡೆದುಬಿಡುತ್ತಾರೆ.